ಚಪ್ಪಲಿ ಕಾಯುವ ಹುಡುಗಿ

ಪ್ರಿಯ ಸೋದರಿಯರೇ,

ಹೋದ ಸಂಚಿಕೆಯ ಹಿದಕಿದ ಅವರೆಬೇಳೆ ಸಾರು ಬಹಳ ಮನೆಗಳಲ್ಲಿ ಕುದಿದಿದೆ ಅಂತ ನಿಮ್ಮ ಕಾಗದಗಳಿಂದ ಗೊತ್ತಾಯಿತು. ಸಂತೋಷ. ಈ ಸಲ ಅಡುಗೆಮನೆ ಬಿಟ್ಟು ಶಾಲೆಯ ಆಟದ ಬಯಲಿಗೆ ಹೋಗೋಣ ಬನ್ನಿ. "ನಮ್ಮ ಮಕ್ಕಳಿಗೆ ದೇವರ ದಯದಿಂದ ಕೈಕಾಲು ನೆಟ್ಟಗಿವೆ, ಇದು ನಮಗಲ್ಲ" ಅಂತ ಪುಟ ತಿರುಗಿಸಬೇಡಿ. ನಿಮ್ಮ ಮಗುವಿನ ಪಕ್ಕದ ಬೆಂಚಿನಲ್ಲಿ ಕೂರುವ ಮಗುವಿನ ವಿಷಯ ಇದು. ಅಷ್ಟರಮಟ್ಟಿಗೆ ನಿಮ್ಮ ವಿಷಯವೂ ಹೌದು.

ಹೋದ ತಿಂಗಳು ಕೋಲಾರ ತಾಲ್ಲೂಕಿನ ಕ್ಯಾಲನೂರಿಗೆ ಹೋಗಿದ್ದೆ. ನಮ್ಮ ಬಳಗದವರ ಮನೆ ಗೃಹಪ್ರವೇಶ. ಊಟ ಮುಗಿಸಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಪಕ್ಕದ ಮನೆಯ ಹುಡುಗಿ ಶಾಲೆ ಮುಗಿಸಿ ಬಂದಳು. ಆರನೇ ಕ್ಲಾಸು. ಬಲಗಾಲು ಎಳೆದು ಹಾಕುತ್ತಾಳೆ, ಬಲಗೈ ಎದೆಗೆ ಮಡಚಿಕೊಂಡಿರುತ್ತದೆ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಬಂದದ್ದಂತೆ. ಡಾಕ್ಟರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ಮಾತು ಮಾತ್ರ ಅರಳು ಹುರಿದಂತೆ.

"ಏನಮ್ಮ, ಇವತ್ತು ಸ್ಕೂಲಲ್ಲಿ ಏನೇನಾಯ್ತು?" ಅಂದೆ.

"ಕಡೇ ಪಿರಿಯಡ್ ಆಟ ಇತ್ತು ಅಜ್ಜಿ. ಎಲ್ಲರೂ ಥ್ರೋಬಾಲ್ ಆಡಿದ್ರು."

"ನೀನು?"

"ನಾನು ಚಪ್ಪಲಿ ಕಾದೆ."

ಅದನ್ನು ಬೇಸರದಿಂದ ಹೇಳಲಿಲ್ಲ ಹುಡುಗಿ, ಅದು ತನ್ನ ಕೆಲಸ ಎಂಬಂತೆ ಹೇಳಿದಳು. ನನಗೆ ಬಾಯಲ್ಲಿದ್ದ ಅಡಿಕೆ ನುಂಗಲಾಗಲಿಲ್ಲ. ಮೇಷ್ಟ್ರು ಎಂಥವರು ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ತಾಯಿ ತಲೆ ತಗ್ಗಿಸಿ, "ಮೇಷ್ಟ್ರನ್ನ ಅನ್ನಬೇಡಿ ಅಕ್ಕಯ್ಯ. ಆಟಕ್ಕೆ ಸೇರಿಸಬೇಡಿ ಅಂತ ನಾನೇ ಚೀಟಿ ಬರೆದುಕೊಟ್ಟಿದೀನಿ. ಬಿದ್ದುಗಿದ್ದರೆ ಏನು ಗತಿ?" ಅಂದಳು.

ಸೋದರಿಯರೇ, ಆ ತಾಯಿಯನ್ನು ಬೈಯುವ ಬಾಯಿ ನನಗಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲೂ ಇದೇ ನಡೆದಿತ್ತು. ನನ್ನ ತಂಗಿಗೆ ಎರಡನೇ ವರ್ಷಕ್ಕೆ ಪೋಲಿಯೋ ಬಂತು. ಆಗ ಊರೂರಲ್ಲೂ ಅಂಥ ಮಕ್ಕಳಿದ್ದರು. ಸಂಜೆ ನಾವೆಲ್ಲ ಕಣ್ಣಾಮುಚ್ಚಾಲೆ ಆಡುವಾಗ ಅವಳದು ಖಾಯಂ ಅಜ್ಜಿಯ ಪಾತ್ರ. ಜಗಲಿ ಮೇಲೆ ಕೂತು ಕಳ್ಳನ ಕಣ್ಣು ಮುಚ್ಚುವುದು, ನಾವು ಅಡಗಿದ ಮೇಲೆ ಬಿಡುವುದು. ಏಳನೇ ವರ್ಷಕ್ಕೇ ಅಜ್ಜಿಯಾದಳು ಪಾಪ. "ಅವಳನ್ನ ಓಡಾಡಿಸಬೇಡ್ರೇ" ಅಂತ ಮನೆಯ ಹಿರಿಯರ ಆಜ್ಞೆ. ಎಲ್ಲರೂ ಪ್ರೀತಿಯಿಂದಲೇ ಅಂದದ್ದು. ಎಷ್ಟೋ ವರ್ಷ ಕಳೆದ ಮೇಲೆ, ಇಬ್ಬರಿಗೂ ತಲೆ ನರೆತ ಮೇಲೆ, ಒಂದು ಸಂಜೆ ಹೂ ಕಟ್ಟುತ್ತಾ ಅವಳು ಹೇಳಿದಳು: "ಕಾಲಿನ ದುಃಖ ಅಷ್ಟಿಲ್ಲ ಅಕ್ಕ. ಒಂದು ದಿನವೂ ಯಾರೂ ನನ್ನನ್ನ ಹುಡುಕಲಿಲ್ಲವಲ್ಲ, ಅದೇ."

ಒಂದು ಮಗುವನ್ನು ಉಪ್ಪಿನ ಮೂಟೆ ಹೊತ್ತು ಹುಲ್ಲಿನ ಮೆದೆ ಹಿಂದೆ ಅಡಗಿಸುವುದು ನಮಗೇನು ಕಷ್ಟವಿತ್ತು? ಯಾರಿಗೂ ಹೊಳೆಯಲಿಲ್ಲ, ಅಷ್ಟೇ.

ಈಗ ಕಾಲ ಬದಲಾಗಿದೆ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನಿಂದ ಒಂದು ಮಗುವೂ ನರಳಿಲ್ಲ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಎಂದು ಘೋಷಣೆಯೂ ಆಯಿತು. ಆದರೆ ಬೇರೆ ಬೇರೆ ಕಾರಣಗಳಿಂದ ನಡೆಯಲು, ನೋಡಲು, ಕೇಳಲು, ಕಲಿಯಲು ತೊಡಕಿರುವ ಮಕ್ಕಳು ಇದ್ದೇ ಇದ್ದಾರೆ. ಮೊದಲಿಗಿಂತ ಹೆಚ್ಚು ಜನ ಶಾಲೆಗೂ ಬರುತ್ತಿದ್ದಾರೆ. ಪಾಠದ ಪಿರಿಯಡ್‌ನಲ್ಲಿ ಜೊತೆಗೆ ಕೂರುತ್ತಾರೆ. ಗಂಟೆ ಹೊಡೆದು ಎಲ್ಲರೂ ಬಯಲಿಗೆ ಓಡಿದಾಗ ಮಾತ್ರ ಅವರು ಮರದ ಕೆಳಗೆ ಉಳಿಯುತ್ತಾರೆ.

ಆಟ ಎಂದರೆ ಬರೀ ಹೊತ್ತು ಕಳೆಯುವುದು ಎಂದುಕೊಳ್ಳಬೇಡಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಷ್ಟು ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅಂಗವೈಕಲ್ಯವಿರುವ ಮಕ್ಕಳಿಗೂ ಅದೇ 60 ನಿಮಿಷ ಎಂದು ಬೇರೆಯಾಗಿಯೇ ಬರೆಯಿತು. ಬಿಗಿಯಾದ ಸ್ನಾಯುವಿಗೆ ಚಲನೆ ಬೇಕು. ಗಾಲಿಕುರ್ಚಿಯಲ್ಲಿ ಕೂರುವ ಮಗುವಿಗೆ ತೋಳಿನ ಬಲ ಬೇಕು. ಕೂತಲ್ಲೇ ಕೂತರೆ ಮೈ ಬೆಳೆಯುತ್ತದೆ, ಮೂಳೆ ಸೊರಗುತ್ತದೆ, ಮನಸ್ಸು ಮುದುಡುತ್ತದೆ. ಬೀಳಬಾರದೆಂದು ಕೂರಿಸಿದ ಮಗುವಿನ ಕಾಲು ಇನ್ನೂ ಬಲ ಕಳೆದುಕೊಂಡು, ಎದ್ದರೆ ಬೀಳುವ ಹಾಗೆ ಆಗುತ್ತದೆ.

ಹಾಗಾದರೆ ಆಡಿಸುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಸಾರು ಹೇಗೆ ಮಾಡುತ್ತೀರಿ? ಮಗುವಿಗೆಂದು ಬೇರೆ ಒಲೆ ಹೂಡುವುದಿಲ್ಲ, ಖಾರ ತಿನ್ನಲಾರದೆಂದು ಉಪವಾಸವನ್ನೂ ಕೆಡವುವುದಿಲ್ಲ. ಖಾರದಪುಡಿ ಹಾಕುವ ಮುಂಚೆ ಎರಡು ಸೌಟು ಎತ್ತಿಡುತ್ತೀರಿ. ಒಲೆ ಒಂದೇ, ಬೇಳೆ ಒಂದೇ, ಪಂಕ್ತಿಯೂ ಒಂದೇ. ಆಟಕ್ಕೂ ಇದೇ ಸೂತ್ರ. ಮಗುವನ್ನು ಬೇರೆ ಕೂರಿಸದೆ, ಆಟದ ಖಾರವನ್ನು ಸ್ವಲ್ಪ ತಗ್ಗಿಸಬೇಕು. ತಗ್ಗಿಸಲು ನಾಲ್ಕು ಕಡೆ ಕೈ ಹಾಕಬಹುದು: ಜಾಗ, ಸಾಮಾನು, ನಿಯಮ, ಜೊತೆಗಾರರು.

ಜಾಗ: ಓಡಲಾರದ ಮಗುವಿಗೆ ಗೆರೆ ಹತ್ತಿರ ಎಳೆಯಿರಿ. ಲಗೋರಿಯಲ್ಲಿ ಉಳಿದವರು ಹತ್ತು ಹೆಜ್ಜೆಯಿಂದ ಹೊಡೆದರೆ ಇವಳು ಐದು ಹೆಜ್ಜೆಯಿಂದ ಹೊಡೆಯಲಿ. ಗಾಲಿಕುರ್ಚಿ ಇದ್ದರೆ ಮರಳು, ಜಲ್ಲಿ ಬಿಟ್ಟು ಗಟ್ಟಿ ನೆಲದಲ್ಲಿ ಆಡಿಸಿ. ಕಣ್ಣು ಕಾಣದ ಮಗುವಿಗೆ ಎರಡು ಮರಗಳ ನಡುವೆ ಸೊಂಟದ ಎತ್ತರಕ್ಕೆ ಹಗ್ಗ ಬಿಗಿದರೆ, ಅದನ್ನು ಸವರಿಕೊಂಡು ಯಾರ ಕೈಯನ್ನೂ ಹಿಡಿಯದೆ ಓಡುತ್ತದೆ. ಹಗ್ಗದ ಕೊನೆ ಬರುವ ಎರಡು ಮಾರು ಮೊದಲು ಒಂದು ಬಟ್ಟೆ ಗಂಟು ಕಟ್ಟಿದರೆ, ನಿಲ್ಲುವ ಜಾಗ ಬಂತೆಂದು ಕೈಗೆ ತಿಳಿಯುತ್ತದೆ.

ಸಾಮಾನು: ಇದರಲ್ಲಿ ನಮ್ಮಷ್ಟು ಜಾಣರಿಲ್ಲ. ಹಳೇ ಸೀರೆ ಸುತ್ತಿ ಬಟ್ಟೆ ಚೆಂಡು ಮಾಡಿ, ತಾಗಿದರೆ ನೋವಿಲ್ಲ. ಅಂಗೈಯಗಲದ ಚೀಲ ಹೊಲಿದು ಹುಣಸೆ ಬೀಜ ತುಂಬಿ, ಬೆರಳಲ್ಲಿ ಹಿಡಿತವಿಲ್ಲದ ಮಗುವೂ ಹಿಡಿಯುತ್ತದೆ, ಬಿದ್ದರೆ ಉರುಳಿ ದೂರ ಹೋಗುವುದಿಲ್ಲ. ಚೆಂಡನ್ನು ಪರಪರ ಸದ್ದು ಮಾಡುವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಟ್ಟಿದರೆ ಕಣ್ಣು ಕಾಣದ ಮಗುವಿಗೆ ಅದು ಬರುವ ದಿಕ್ಕು ಕೇಳಿಸುತ್ತದೆ. ನೀರಿನ ಖಾಲಿ ಬಾಟಲಿ ಆರು ನಿಲ್ಲಿಸಿ ಚೆಂಡು ಉರುಳಿಸಿ ಬೀಳಿಸುವ ಆಟವನ್ನು ಕೂತವರೂ ನಿಂತವರೂ ಒಟ್ಟಿಗೆ ಆಡಬಹುದು. ಕೈ ಎತ್ತಲಾಗದ ಮಗುವಿಗೆ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ ಮಡಿಲ ಮೇಲಿಂದ ಇಳಿಜಾರು ಮಾಡಿಕೊಡಿ, ಚೆಂಡು ತಳ್ಳಿದರೆ ಸಾಕು. ಬೋಚಿಯಾ ಎಂಬ ಆಟದಲ್ಲಿ ಇಂಥ ಇಳಿಜಾರನ್ನೇ ಬಳಸುತ್ತಾರೆ. ಅದು 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ.

ನಿಯಮ: ಥ್ರೋಬಾಲ್‌ನಲ್ಲಿ ಚೆಂಡು ಒಂದು ಪುಟ ನೆಗೆದ ಮೇಲೆ ಹಿಡಿದರೂ ಸರಿ ಎನ್ನಿ. ಎರಡು ಕೈ ಬದಲು ಒಂದು ಕೈಯಿಂದ ಎದೆಗೆ ಅವುಚಿಕೊಂಡರೂ ಕ್ಯಾಚೇ. ಕ್ರಿಕೆಟ್ಟಿನಲ್ಲಿ ಇಟ್ಟಿಗೆಗಳ ಮೇಲೆ ಚೆಂಡಿಟ್ಟು ಹೊಡೆಯಲಿ, ಓಡಲು ಇನ್ನೊಬ್ಬರು ಇರಲಿ. ಕಿವಿ ಕೇಳದ ಮಗುವಿದ್ದರೆ ಸೀಟಿಯ ಜೊತೆಗೆ ಕೆಂಪು ಬಟ್ಟೆಯನ್ನೂ ಬೀಸಿ. ಬುದ್ಧಿ ನಿಧಾನವಾಗಿರುವ ಮಗುವಿಗೆ ಒಮ್ಮೆಗೆ ಒಂದೇ ನಿಯಮ ಹೇಳಿ, ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ.

ಜೊತೆಗಾರರು: ವಾರಕ್ಕೊಬ್ಬರಂತೆ ಜೊತೆ ಕೊಡಿ. ಒಬ್ಬಳಿಗೇ ಕಟ್ಟಿಹಾಕಿದರೆ ಅವಳಿಗೂ ಬೇಸರ, ಇವಳಿಗೂ ಹಂಗು. ಟೀಮು ಆರಿಸುವಾಗ ಇಬ್ಬರು ಕ್ಯಾಪ್ಟನ್ನುಗಳು ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ಬೇಡ. ಕಡೆಗೆ ಯಾರು ಉಳಿಯುತ್ತಾರೆಂದು ಎಲ್ಲರಿಗೂ ಗೊತ್ತು. ಒಂದು ಎರಡು, ಒಂದು ಎರಡು ಎಂದು ಎಣಿಸಿ ಗುಂಪು ಮಾಡಿದರೆ ಯಾರ ಮನಸ್ಸೂ ನೋಯುವುದಿಲ್ಲ.

"ನಿಯಮ ಬದಲಾಯಿಸಿದರೆ ಅದೇನು ಆಟ, ಅದು ಕನಿಕರ" ಎನ್ನುವವರಿದ್ದಾರೆ. ಅವರಿಗೆ ಅಂಧರ ಕ್ರಿಕೆಟ್ ತೋರಿಸಬೇಕು. ಅಲ್ಲಿ ಚೆಂಡಿನೊಳಗೆ ಗುಂಡುಗಳಿದ್ದು ಗಿಲಿಗಿಲಿ ಸದ್ದು ಮಾಡುತ್ತದೆ, ಬೌಲರು ಕೈ ಕೆಳಗಿನಿಂದ ನೆಲಕ್ಕೆ ಉರುಳಿಸುತ್ತಾನೆ. ಮೊದಲು "ರೆಡಿ?" ಎಂದು ಕೇಳಿ, ಬ್ಯಾಟುಗಾರ ಹೂಂ ಅಂದ ಮೇಲೆ "ಪ್ಲೇ" ಎಂದು ಕೂಗಿಯೇ ಚೆಂಡು ಬಿಡಬೇಕು. ಹನ್ನೊಂದು ಜನರಲ್ಲಿ ನಾಲ್ವರಾದರೂ ಪೂರ್ತಿ ದೃಷ್ಟಿ ಇಲ್ಲದವರಿರಬೇಕು, ಅವರು ಹೊಡೆದ ಒಂದೊಂದು ರನ್ನಿಗೂ ಎರಡೆರಡು ಲೆಕ್ಕ. 2012ರಲ್ಲಿ ನಮ್ಮ ಬೆಂಗಳೂರಿನಲ್ಲೇ ಅಂಧರ ಮೊದಲ ಟಿ-20 ವಿಶ್ವಕಪ್ ನಡೆಯಿತು. ಶಿವಮೊಗ್ಗ ಕಡೆಯ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ-20 ವಿಶ್ವಕಪ್ಪನ್ನೂ ನಮ್ಮ ಹೆಣ್ಣುಮಕ್ಕಳೇ ತಂದರು. ಆ ಆಟ ನೋಡಿದವರಾರೂ ಕನಿಕರ ಅನ್ನಲಾರರು.

ಚಿಕ್ಕಮಗಳೂರಿನ ರಕ್ಷಿತಾ ರಾಜು ಎಂಬ ಹುಡುಗಿಯನ್ನೂ ನೆನೆಯಿರಿ. ಕಣ್ಣು ಕಾಣದು. ಪಕ್ಕದಲ್ಲಿ ದಾರಿ ತೋರುವ ಓಟಗಾರನೊಬ್ಬ ಇರುತ್ತಾನೆ, ಇಬ್ಬರ ನಡುವೆ ಒಂದು ಪುಟ್ಟ ದಾರ. ಅವನು ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಜೊತೆಗೆ ಓಡಬೇಕು ಅಷ್ಟೆ. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದಳು. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. ಇನ್ನು ಮಾಲತಿ ಹೊಳ್ಳ ಅವರಂತೂ ನಮ್ಮ ತಲೆಮಾರಿನವರೇ. ವರ್ಷದ ಕೂಸಾಗಿದ್ದಾಗ ಬಂದ ಜ್ವರದಲ್ಲಿ ಮೈ ಸ್ವಾಧೀನ ತಪ್ಪಿತು. ಮುಂದೆ ಗಾಲಿಕುರ್ಚಿಯಲ್ಲೇ ಆಡಿ ದೇಶ ವಿದೇಶಗಳಲ್ಲಿ ಪದಕ ತಂದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ನಮ್ಮ ಮಕ್ಕಳೆಲ್ಲ ಪದಕ ತರಬೇಕೆಂದು ನಾನು ಹೇಳುತ್ತಿಲ್ಲ. ಪದಕ ತಂದವರೂ ಒಂದು ದಿನ ಮರದ ಕೆಳಗಿಂದ ಎದ್ದು ಬಯಲಿಗೆ ಇಳಿದವರೇ ಅಂತ ನೆನಪು ಮಾಡಿದೆ.

ಇದೆಲ್ಲ ಶುರುವಾದದ್ದು ಒಬ್ಬ ಡಾಕ್ಟರಿಂದ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬುವರು ಯುದ್ಧದಲ್ಲಿ ಬೆನ್ನುಮೂಳೆ ಮುರಿದವರಿಗೆ ಔಷಧದ ಜೊತೆ ಆಟವನ್ನೂ ಕೊಟ್ಟರು. 1948ರ ಜುಲೈ 29ರಂದು ಗಾಲಿಕುರ್ಚಿಯಲ್ಲಿ ಕೂತ 16 ಜನರ ಬಿಲ್ಲುಗಾರಿಕೆ ಪಂದ್ಯ ನಡೆಸಿದರು. ಅಂದೇ ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾಗಿತ್ತು. ಆ 16 ಜನರ ಆಟವೇ ಬೆಳೆದು ಇಂದಿನ ಪ್ಯಾರಾಲಿಂಪಿಕ್ಸ್ ಆಯಿತು.

ಹಾಗೆಂದು ಕಣ್ಣು ಮುಚ್ಚಿಕೊಂಡು ಬಯಲಿಗೆ ತಳ್ಳಬೇಡಿ. ತಾಯಿಯ ಭಯದಲ್ಲಿ ಅರ್ಧ ನಿಜವೂ ಇರುತ್ತದೆ. ಮೊದಲು ಡಾಕ್ಟರನ್ನೋ ಫಿಸಿಯೋಥೆರಪಿ ಮಾಡುವವರನ್ನೋ ಕೇಳಿ. ಕೇಳುವಾಗ "ಆಟ ಆಡಬಹುದಾ?" ಅನ್ನಬೇಡಿ, "ಬೇಡ" ಅಂದುಬಿಡುವುದು ಅವರಿಗೆ ಸುಲಭ. "ಯಾವುದು ಆಡಬಹುದು, ಯಾವುದು ಆಡಬಾರದು?" ಎಂದು ಕೇಳಿ. ಮುಖ್ಯವಾಗಿ ಇವನ್ನು ನೆನಪಿಡಿ:

ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಕೀಲು ಸಡಿಲವಾಗಿರುತ್ತದೆ. ಡಾಕ್ಟರು ನೋಡಿ ಸರಿ ಅನ್ನುವವರೆಗೆ ಲಾಗ ಹಾಕುವುದು, ತಲೆ ಕೆಳಗಾಗಿ ನಿಲ್ಲುವುದು ಬೇಡ. ಹೃದಯದ ತೊಂದರೆ ಇದೆಯೇ ಎಂದೂ ಕೇಳಿ.

ಮೂರ್ಛೆ ಬರುವ ಮಗು ನೀರಿಗಿಳಿಯುವಾಗ ಈಜು ಬಲ್ಲ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ಇರಲೇಬೇಕು. ಎತ್ತರ ಹತ್ತುವ ಆಟವೂ ಬೇಡ.

ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಗುವಿನ ತಲೆಗೆ ಪೆಟ್ಟು ಬೀಳುವ ಆಟ ಬೇಡ. ಬಹಳ ದಪ್ಪ ಕನ್ನಡಕದ ಮಗುವಿನ ಕಣ್ಣಿನ ಡಾಕ್ಟರನ್ನೂ ಇದೇ ಮಾತು ಕೇಳಿ.

ಸೆರೆಬ್ರಲ್ ಪಾಲ್ಸಿ ಇದ್ದರೆ ಮೈ ಬಿಸಿ ಮಾಡದೆ ಜೋರಾಗಿ ಎಳೆದಾಡಿಸಬೇಡಿ. ಮೊದಲ ಹತ್ತು ನಿಮಿಷ ನಿಧಾನ.

ಸ್ನಾಯು ಕ್ಷಯಿಸುವ ರೋಗವಿದ್ದರೆ ಸುಸ್ತಾಗುವವರೆಗೆ ಆಡಿಸಬಾರದು. ಮಗು "ಸಾಕು" ಅಂದರೆ ಸಾಕು.

ಬೆನ್ನುಹುರಿಗೆ ಪೆಟ್ಟಾದ ಮಗುವಿಗೆ ಸರಿಯಾಗಿ ಬೆವರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಬಿಸಿಲು ತಪ್ಪಿಸಿ, ನೀರು ಕೊಡಿ. ಸ್ಪರ್ಶ ತಿಳಿಯದ ಕಾಲಿನಲ್ಲಿ ಗಾಯವಾದರೂ ಗೊತ್ತಾಗದು. ಮನೆಗೆ ಬಂದ ಮೇಲೆ ಕಾಲು, ಪೃಷ್ಠ ನೋಡಿ.

ಇಷ್ಟು ತಿಳಿದುಕೊಂಡ ಮೇಲೆ ಶಾಲೆಗೆ ಹೋಗಿ. ಜಗಳಕ್ಕಲ್ಲ, ಜೊತೆಗೆ ಕೂತು ಯೋಚಿಸಲಿಕ್ಕೆ. ದೈಹಿಕ ಶಿಕ್ಷಕರಿಗೆ ಒಂದೇ ಬಯಲಿನಲ್ಲಿ ಎಷ್ಟೋ ಕ್ಲಾಸುಗಳ ಮಕ್ಕಳನ್ನು ನೋಡಿಕೊಳ್ಳಬೇಕಿರುತ್ತದೆ. ಕಾನೂನು ನಿಮ್ಮ ಪರವಾಗಿದೆ ಎಂಬುದೂ ತಿಳಿದಿರಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 21 ಬಗೆಯ ಅಂಗವೈಕಲ್ಯಗಳನ್ನು ಅದು ಹೆಸರಿಸುತ್ತದೆ. ಸರ್ಕಾರದಿಂದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಪಾಠದ ಜೊತೆ ಆಟೋಟಕ್ಕೂ ಉಳಿದವರಿಗೆ ಸಮನಾದ ಅವಕಾಶ ಕೊಡಬೇಕೆಂದು ಅದರ 16ನೇ ಕಲಮು ಹೇಳುತ್ತದೆ. ಶಾಲೆಯವರಿಗೆ ದಾರಿ ತೋಚದಿದ್ದರೆ ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರನ್ನು ಕೇಳಲಿ. ನೀವೂ ಹೋಗಿ ಕೇಳಬಹುದು.

ಈಗ ಕ್ಯಾಲನೂರಿನ ಹುಡುಗಿಯ ಕಥೆ ಮುಗಿಸುತ್ತೇನೆ. ಅವಳ ತಾಯಿಗೆ ಅಂದು ನನ್ನ ತಂಗಿಯ ಮಾತು ಹೇಳಿ ಬಂದಿದ್ದೆ, ಬೇರೇನೂ ಹೇಳಲಿಲ್ಲ. ಎರಡು ವಾರ ಬಿಟ್ಟು ಫೋನು ಮಾಡಿದಳು. ಡಾಕ್ಟರನ್ನು ಕೇಳಿದಳಂತೆ. "ಆಡಲಿ, ಓಡುವಾಗ ಕಾಲಿಗೆ ಪಟ್ಟಿ ಹಾಕಿರಲಿ" ಅಂದರಂತೆ. ಆಮೇಲೆ ಶಾಲೆಗೆ ಹೋಗಿ ಹಳೇ ಚೀಟಿ ವಾಪಸು ಕೇಳಿದಳಂತೆ. ಮೇಷ್ಟ್ರು, "ನೀವೇ ಬೇಡ ಅಂದಿರಿ ಅಂತ ಸುಮ್ಮನಿದ್ದೆ ತಾಯಿ" ಅಂದು, ಚೀಟಿ ಹರಿದು, ಅವಳ ಕೈಯಿಂದಲೇ ಇನ್ನೊಂದು ಬರೆಸಿಕೊಂಡರಂತೆ: ಏನು ಮಾಡಬಲ್ಲಳು, ಯಾವುದಕ್ಕೆ ಸಹಾಯ ಬೇಕು, ಯಾವುದು ಬೇಡ, ಸುಸ್ತಾದರೆ ಹೇಗೆ ತಿಳಿಯುತ್ತದೆ. ಎಂಥ ಒಳ್ಳೆಯ ಚೀಟಿ ನೋಡಿ! ನೀವೂ ಇದೇ ನಾಲ್ಕು ಸಾಲು ಬರೆದುಕೊಡಿ.

ನಿಯಮವನ್ನು ಬದಲಾಯಿಸಿದ್ದು ಮೇಷ್ಟ್ರೂ ಅಲ್ಲ, ತಾಯಿಯೂ ಅಲ್ಲ. ಕ್ಲಾಸಿನ ಹುಡುಗಿಯರನ್ನೇ "ಇವಳು ಹೇಗೆ ಆಡಬಹುದು, ಹೇಳ್ರೇ" ಅಂತ ಕೇಳಿದರಂತೆ. ಒಂದು ಪುಟಕ್ಕೆ ಹಿಡಿಯಲಿ ಅಂತ ಒಬ್ಬಳು, ಎರಡು ಹೆಜ್ಜೆ ಮುಂದಿನಿಂದ ಸರ್ವೀಸ್ ಮಾಡಲಿ ಅಂತ ಇನ್ನೊಬ್ಬಳು. ಐದು ನಿಮಿಷದಲ್ಲಿ ಆಟ ಸಿದ್ಧ. ದೊಡ್ಡವರಿಗೆ ಆರು ವರ್ಷ ಹೊಳೆಯದ್ದು ಮಕ್ಕಳಿಗೆ ಐದು ನಿಮಿಷದಲ್ಲಿ ಹೊಳೆಯಿತು.

"ಗೆದ್ದಳೇನೇ?" ಅಂದೆ.

"ಎಲ್ಲಿ ಗೆಲ್ಲೋದು ಅಕ್ಕಯ್ಯ, ಮೂರು ಸಲ ಚೆಂಡು ಬಿಟ್ಟಳಂತೆ, ಟೀಮಿನವರೆಲ್ಲ ಸೇರಿ ಬೈದರಂತೆ. ಮೊಣಕಾಲು ತರಚಿಕೊಂಡು ಬಂದಿದಾಳೆ. ಅರಿಶಿನ ಹಚ್ಚೋಕೆ ಕೂತರೆ ನನಗೆ ಅಳು, ಅವಳಿಗೆ ನಗು. 'ಅಮ್ಮ, ನನ್ನನ್ನೂ ಬೈದರು ಕಣಮ್ಮ' ಅಂತ ಮನೆಯೆಲ್ಲ ಹೇಳಿಕೊಂಡು ಬರ್ತಿದಾಳೆ."

"ಹಾಗಾದ್ರೆ ಈಗ ಚಪ್ಪಲಿ ಯಾರು ಕಾಯ್ತಾರೆ?"

"ಯಾರೂ ಇಲ್ಲ. ಸಾಲಾಗಿ ಬಿಟ್ಟು ಹೋಗ್ತಾರಂತೆ. ಇದುವರೆಗೆ ಒಂದೂ ಕಳೆದಿಲ್ಲ."

ಸೋದರಿಯರೇ, ಈ ಸಂಜೆ ಮಕ್ಕಳು ಶಾಲೆಯಿಂದ ಬಂದಾಗ ಕಾಫಿ ತಿಂಡಿ ಕೊಡುತ್ತಾ ಒಂದು ಮಾತು ಕೇಳಿ: "ನಿಮ್ಮ ಕ್ಲಾಸಲ್ಲಿ ಆಟದ ಪಿರಿಯಡ್‌ನಲ್ಲಿ ಯಾರು ಕೂತಿರ್ತಾರೆ?" ಹೆಸರೊಂದು ಬಂದರೆ, "ಅವರನ್ನ ಹೇಗೆ ಸೇರಿಸಿಕೊಳ್ಳಬಹುದು?" ಎಂದೂ ಕೇಳಿ. ಏನು ಉತ್ತರ ಬಂತೆಂದು ನನಗೆ ಬರೆಯಿರಿ. ನಿಮ್ಮ ಮಕ್ಕಳು ಕಂಡುಹಿಡಿದ ಆಟಗಳನ್ನು ಈ ಪುಟದಲ್ಲೇ ಹಂಚಿಕೊಳ್ಳೋಣ. ಮುಂದಿನ ಸಂಚಿಕೆಗೆ ಹುಣಸೆ ತೊಕ್ಕು. ತೊಕ್ಕಿಗೆ ಹಣ್ಣು ಬಿಡಿಸುವಾಗ ಬೀಜ ಎಸೆಯಬೇಡಿ. ಚೀಲ ಹೊಲಿಯುವುದಿದೆಯಲ್ಲ!

ಇಂತಿ,
ನಿಮ್ಮ ಅಕ್ಕಯ್ಯ